ಚಿಕ್ಕಮ್ಮನ ತೂಕ, ಚಿಕ್ಕಪ್ಪನ ವಿಮಾನ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ದೊಡ್ಡ ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ನಮ್ಮ ಬೀದಿಯ ವಾಚನಾಲಯದ ಮೇಡಂ, ಗೋಡೆಪತ್ರಿಕೆಗೆ ನಿನಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡು ಎಂದರು. ಎಲ್ಲರೆದುರು ನಿಂತು ಹೇಳು ಎಂದಿದ್ದರೆ ಖಂಡಿತ ಆಗುತ್ತಿರಲಿಲ್ಲ, ಬರೆಯುವುದಾದ್ದರಿಂದ ಒಪ್ಪಿಕೊಂಡೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನನಗೆ ಚೆನ್ನಾಗಿ ಗೊತ್ತಿರುವವರು ನನ್ನ ಚಿಕ್ಕಪ್ಪ. ಅವರು ದರ್ಜಿ. ಶಾಲೆ ಬಿಟ್ಟಾಗಿನಿಂದ ನಾನು ಅವರ ಮನೆಯಲ್ಲೇ ಇದ್ದು ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಮಾಡುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಮೂಲೆಯಲ್ಲಿ ಬಟ್ಟೆ ಹಾಕಿ ನೋಡಲು ಒಂದು ಪರದೆ, ಪರದೆಯ ಹಿಂದೆ ಒಂದು ಕನ್ನಡಿ. ಆ ಕನ್ನಡಿ ಎಲ್ಲರನ್ನೂ ಸ್ವಲ್ಪ ತೆಳ್ಳಗೆ ತೋರಿಸುತ್ತದೆ. ಚಿಕ್ಕಪ್ಪ ಹತ್ತು ಕನ್ನಡಿ ನೋಡಿ ಅದನ್ನು ಆರಿಸಿ ತಂದರಂತೆ.

ಅವರಿಗೆ ಒಂದು ವ್ರತವಿದೆ. ಗಿರಾಕಿ ದಪ್ಪಗಾಗಿದ್ದಾರೆ ಎಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೊಲಿಯುವಾಗಲೇ ಒಳಗೆ ಎರಡು ಬೆರಳು ಬಟ್ಟೆ ಜಾಸ್ತಿ ಬಿಟ್ಟಿರುತ್ತಾರೆ. ನಾಲ್ಕು ವರ್ಷದ ಮೇಲೆ ಗಿರಾಕಿ ಬಂದು ಪ್ಯಾಂಟು ಸೊಂಟ ಏರುತ್ತಿಲ್ಲ ಎಂದರೆ, ಬಟ್ಟೆ ಒಗೆದು ಒಗೆದು ಕುಗ್ಗಿದೆ ಸಾರ್, ಈಗಿನ ಸೋಪು ಸರಿಯಿಲ್ಲ, ಸ್ವಲ್ಪ ಸಡಿಲ ಮಾಡಿಕೊಡುತ್ತೇನೆ ಎನ್ನುತ್ತಾರೆ. ಹಾಗಾಗಿ ನಮ್ಮ ಬೀದಿಯಲ್ಲಿ ಇಲ್ಲಿಯವರೆಗೆ ಒಬ್ಬರೂ ದಪ್ಪಗಾಗಿಲ್ಲ. ಬಟ್ಟೆಗಳೆಲ್ಲ ಕುಗ್ಗಿವೆ, ಅಷ್ಟೇ.

ಇಂಥ ಚಿಕ್ಕಪ್ಪನಿಗೆ ಒಂದು ವಿಮಾನ ಇದೆ. ದೊಡ್ಡದೇನಲ್ಲ. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರಬಹುದು, ಮೂರನೆಯದಾಗಿ ಒಂದು ಬೆಕ್ಕನ್ನೂ ಕೂರಿಸಲಾಗದು. ಊರಾಚೆ ಹುಲ್ಲಿನ ಬಯಲು, ಬಯಲಿನ ಅಂಚಿನಲ್ಲಿ ತಗಡಿನ ಶೆಡ್ಡು, ಅಲ್ಲಿ ಅದು ಇರುತ್ತದೆ. ನಾನು ಹುಟ್ಟುವ ಮೊದಲು ಅದು ಬೇರೆ ಯಾರದೋ ಆಗಿತ್ತು. ರೆಕ್ಕೆಯ ಬಟ್ಟೆ ಜೀರ್ಣವಾಗಿ ಮೂಲೆಗೆ ಬಿದ್ದಿತ್ತು. ಸೀಟಿನ ಕವರು ಹೊಲಿಯಲು ಕರೆಸಿದ ಚಿಕ್ಕಪ್ಪ ರೆಕ್ಕೆಯನ್ನೂ ಹೊಲಿಯುತ್ತೇನೆ ಎಂದು ಕೂತರು. ಆ ಬಟ್ಟೆಗೆ ಒಂದು ಗುಣವಿದೆಯಂತೆ. ಚೌಕಟ್ಟಿಗೆ ಅಂಟಿಸಿ, ಹೊಲಿದು, ಮೇಲೆ ಇಸ್ತ್ರಿಪೆಟ್ಟಿಗೆಯ ಹದವಾದ ಬಿಸಿ ತಾಗಿಸಿದರೆ ಡೋಲಿನ ಹಾಗೆ ಬಿಗಿಯಾಗುತ್ತದೆ. ಚಿಕ್ಕಪ್ಪ ಕುಗ್ಗಿದೆ ಎಂದು ಹೇಳುವ ಬಟ್ಟೆಗಳಲ್ಲಿ ನಿಜವಾಗಿ ಕುಗ್ಗಿದ್ದು ಅದೊಂದೇ. ಕೆಲಸ ಮುಗಿಯುವ ಹೊತ್ತಿಗೆ ಮಾಲೀಕರಿಗೆ ವಯಸ್ಸಾಗಿ ಆಸೆ ಬತ್ತಿತ್ತು, ಇಟ್ಟುಕೋ ಮಾರಾಯ ಎಂದುಬಿಟ್ಟರು. ಬಯಲಿನಲ್ಲಿ ಹಾರುವುದನ್ನು ಕಲಿಸುವ ಒಬ್ಬರಿದ್ದಾರೆ, ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಕಡ್ಡಿಯ ಹಾಗಿರುವ ಮನುಷ್ಯ, ಮಾತೂ ಕಡ್ಡಿ ಮುರಿದ ಹಾಗೆ. ಅವರ ಹತ್ತಿರ ಚಿಕ್ಕಪ್ಪ ಹಾರುವುದನ್ನು ಕಲಿತು, ಪರೀಕ್ಷೆ ಕೊಟ್ಟು, ಪರವಾನಗಿ ತೆಗೆದುಕೊಂಡರು.

ಆವಾಗಿನಿಂದ ರಜೆಯ ದಿನ ಬೆಳಿಗ್ಗೆ ಅವರು ನೆಲದ ಮೇಲೆ ಸಿಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ನಮ್ಮವರು ಹಾಸಿಗೆ ಬಿಟ್ಟು ರೆಕ್ಕೆ ಚಾಚಿದ್ದಾರೆ ಎಂದು ಚಿಕ್ಕಮ್ಮ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ. ಆದರೆ ಒಂದು ಸಲವೂ ಅವರು ಹತ್ತಿರಲಿಲ್ಲ. ಚಿಕ್ಕಪ್ಪ ವರ್ಷವರ್ಷವೂ ಕರೆಯುತ್ತಿದ್ದರು. ಇಬ್ಬರೂ ಮೇಲೆ ಹೋದರೆ ಒಲೆ ಆರಿಸುವವರು ಯಾರು ಎಂದು ಚಿಕ್ಕಮ್ಮ ಕೇಳುತ್ತಿದ್ದರು.

ಈ ವರ್ಷ ಚಿಕ್ಕಪ್ಪನ ಕಣ್ಣು ಮಂಜಾಗತೊಡಗಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದರು. ಕ್ಯಾಪ್ಟನ್ ಅವರ ಜೊತೆಗೆ ಕೂತು ಒಂದು ಸುತ್ತು ಹಾರಿಸಿ ನೋಡಿದ ಮೇಲೆ, ಕನ್ನಡಕ ಹಾಕಿಕೊಂಡರೆ ಹಗಲು ಹೊತ್ತು ಈಗ ತೊಂದರೆಯಿಲ್ಲ ಎಂದರು. ಆದರೆ ಪರವಾನಗಿ ಮುಂದುವರಿಯಬೇಕಾದರೆ ಬರುವ ತಿಂಗಳು ವೈದ್ಯರ ಮುಂದೆ ಕೂರಬೇಕು. ಅಲ್ಲಿ ಪಾಸಾಗುವ ನಂಬಿಕೆ ಚಿಕ್ಕಪ್ಪನಿಗೆ ಇರಲಿಲ್ಲ. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಒಂದು ಸಂಜೆ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮಾಡಿ ಪೋಣಿಸಲು ನೋಡುತ್ತಿದ್ದವರನ್ನು ಚಿಕ್ಕಮ್ಮ ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದರು. ಊಟಕ್ಕೆ ಕೂತಾಗ, ಬರುವ ರಜೆಗೆ ನಾನೂ ಬರುತ್ತೇನೆ, ಒಲೆ ಆರಿಸಿಯೇ ಬರುತ್ತೇನೆ ಎಂದರು. ಚಿಕ್ಕಪ್ಪ ಅನ್ನ ಕಲಸುವುದನ್ನೇ ನಿಲ್ಲಿಸಿದರು.

ಸಣ್ಣ ವಿಮಾನದಲ್ಲಿ ಎಲ್ಲಕ್ಕೂ ತೂಕದ ಲೆಕ್ಕ. ಹಾರಿಸುವವರು, ಪಕ್ಕದವರು, ಪೆಟ್ರೋಲು, ಎಲ್ಲ ಸೇರಿ ಇಷ್ಟಕ್ಕಿಂತ ಹೆಚ್ಚಾಗಬಾರದು. ಹೊಸಬರು ಹತ್ತುವುದಾದರೆ ಅವರ ತೂಕ ಎಷ್ಟೆಂದು ಕ್ಯಾಪ್ಟನ್ ಮೊದಲೇ ಕೇಳುತ್ತಾರೆ. ಎಷ್ಟೋ ಜನರ ಸೊಂಟಕ್ಕೆ ಟೇಪು ಸುತ್ತಿದ ಚಿಕ್ಕಪ್ಪನಿಗೆ ಸ್ವಂತ ಹೆಂಡತಿಯ ತೂಕ ಕೇಳುವ ಧೈರ್ಯ ಬರಲಿಲ್ಲ. ನನ್ನನ್ನು ಕಳಿಸಿದರು. ನಾನು ಅಡುಗೆಮನೆಗೆ ಹೋದಾಗ ಎದುರುಮನೆ ಅತ್ತೆ ಅಲ್ಲೇ ಕೂತಿದ್ದರು. ಚಿಕ್ಕಮ್ಮ ಯೋಚನೆಯನ್ನೇ ಮಾಡದೆ ಐವತ್ತೆರಡು ಎಂದರು. ಮದುವೆಯ ಹೊಸತರಲ್ಲಿ ಹೊಲಿದ ನೀಲಿ ಕೋಟು ಇವತ್ತಿಗೂ ಗುಂಡಿ ಸಮೇತ ಹಿಡಿಸುತ್ತದೆ ಎಂದು ಅತ್ತೆಯ ಕಡೆ ತಿರುಗಿ ಹೇಳಿದರು. ಅತ್ತೆ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಪುಣ್ಯವಂತೆ ಎಂದರು.

ನಾನು ಬಂದು ಐವತ್ತೆರಡು ಎಂದು ಹೇಳಿದೆ. ಚಿಕ್ಕಪ್ಪ ಕತ್ತರಿಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟರು. ನೀಲಿ ಕೋಟು ಯಾಕೆ ಹಿಡಿಸುತ್ತದೆ ಎಂದು ಅವರಿಗೆ ಗೊತ್ತಿತ್ತು. ಎರಡು ವರ್ಷಕ್ಕೊಮ್ಮೆ ಚಿಕ್ಕಮ್ಮ ತವರಿಗೆ ಹೋದಾಗ ಅದರ ಪಕ್ಕದ ಹೊಲಿಗೆ ಬಿಚ್ಚಿ ಅರ್ಧ ಬೆರಳು ಹೊರಗೆ ಬಿಟ್ಟು ಹೊಲಿಯುತ್ತಿದ್ದವರು ಅವರೇ. ಒಳಗಿದ್ದ ಬಟ್ಟೆ ಮುಗಿದ ಮೇಲೆ ಅದೇ ಬಣ್ಣದ ಪಟ್ಟಿಯನ್ನು ಕಂಕುಳ ಕೆಳಗೆ ಸೇರಿಸಿದ್ದರು. ವ್ರತ ಮನೆಯೊಳಗೂ ಬಂದಿತ್ತು.

ಆ ದಿನದಿಂದ ಚಿಕ್ಕಪ್ಪ ರಾತ್ರಿ ಊಟ ಬಿಟ್ಟರು. ಹಸಿವಿಲ್ಲ ಎನ್ನುತ್ತಿದ್ದರು, ಹೊಟ್ಟೆ ಗುರ್ ಎನ್ನುತ್ತಿತ್ತು. ಶೆಡ್ಡಿಗೆ ಹೋಗಿ ವಿಮಾನದಿಂದ ದಿಂಬು, ನೀರಿನ ಡಬ್ಬ, ಕೊಡೆ ಎಲ್ಲ ಕೆಳಗಿಳಿಸಿದರು. ಆಕಾಶದಲ್ಲಿ ಕೊಡೆ ಯಾಕೆ ಇಟ್ಟಿದ್ದರೋ ನಾನು ಕೇಳಲಿಲ್ಲ. ಚಿಕ್ಕಮ್ಮನ ಹೆಚ್ಚಿನ ತೂಕವನ್ನು ತಾನು ಇಳಿಸಿ ಸರಿದೂಗಿಸುವುದು ಅವರ ಲೆಕ್ಕ. ಮಾತು ಒಂದೂ ಆಡದೆ, ಯಾರ ಮನಸ್ಸೂ ನೋಯಿಸದೆ, ಬಿಗಿಯಾದ ಕಡೆ ಸಡಿಲ ಬಿಡುವುದು. ಜೀವಮಾನವೆಲ್ಲ ಅವರು ಮಾಡಿದ್ದೇ ಅದು.

ರಜೆಯ ದಿನ ಚಿಕ್ಕಮ್ಮ ನೀಲಿ ಕೋಟು ಹಾಕಿಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು, ಕೈಚೀಲ ಹಿಡಿದು ಹೊರಟರು, ನಾನೂ ಜೊತೆಗೆ ಹೋದೆ. ಎದುರುಮನೆ ಅತ್ತೆಗೆ ತಾರಸಿಯ ಮೇಲೆ ನಿಂತಿರಲು ಹೇಳಿದ್ದರು, ಮೇಲಿನಿಂದ ಕೈ ಬೀಸುವುದೆಂದು ಮಾತಾಗಿತ್ತು. ಬಯಲಿನಲ್ಲಿ ಕ್ಯಾಪ್ಟನ್ ಶೆಡ್ಡಿನ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದರು. ಚಿಕ್ಕಪ್ಪನ ತೂಕ ಬರೆದರು. ನಿಮ್ಮ ಮನೆಯವರದು ಎಷ್ಟು ಎಂದು ಕೇಳಿದರು. ಚಿಕ್ಕಮ್ಮನೇ ಐವತ್ತೆರಡು ಎಂದರು. ಕ್ಯಾಪ್ಟನ್ ಒಮ್ಮೆ ಚಿಕ್ಕಪ್ಪನ ಮುಖ ನೋಡಿದರು. ಮೂಲೆಯಲ್ಲಿ ಹತ್ತಿ ನಿಲ್ಲುವ ತಕ್ಕಡಿ ಇತ್ತು. ಆದರೆ ದರ್ಜಿಯ ಕಣ್ಣಿರುವಾಗ ತಕ್ಕಡಿ ಯಾಕೆ, ನೀವು ಹೂಂ ಅಂದರೆ ಬರೆಯುತ್ತೇನೆ ಎಂದು ಚಿಕ್ಕಪ್ಪನಿಗೆ ಹೇಳಿದರು.

ಚಿಕ್ಕಪ್ಪ ಹೂಂ ಎನ್ನಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಊಟ ಬಿಟ್ಟು ಅವರು ಇಳಿಸಿದ್ದು ಎಷ್ಟೆಂದು ಹಲಗೆಯ ಮೇಲೆ ಎದುರಿಗೇ ಇತ್ತು. ಅದು ಸಾಲದು ಎಂದು ಅವರಿಗೆ ಕಾಣುತ್ತಿತ್ತು.

“ಬರೀಬೇಡಿ,” ಎಂದರು. “ಅರವತ್ತೇಳು.”

ಚಿಕ್ಕಮ್ಮ ಕೈಚೀಲವನ್ನು ನನ್ನ ಕೈಗೆ ಕೊಟ್ಟು, ನೆಟ್ಟಗೆ ಹೋಗಿ ತಕ್ಕಡಿಯ ಮೇಲೆ ನಿಂತರು. ಕ್ಯಾಪ್ಟನ್ ಬಗ್ಗಿ ನೋಡಿ ಅರವತ್ತೇಳೂವರೆ ಎಂದರು.

“ಆ ಅರ್ಧ ಚಪ್ಪಲಿ ಇರ್ಬೇಕು,” ಎಂದರು ಚಿಕ್ಕಪ್ಪ ಮೆತ್ತಗೆ.

ಚಿಕ್ಕಮ್ಮ ತಕ್ಕಡಿಯಿಂದ ಇಳಿಯಲಿಲ್ಲ. ಅಲ್ಲಿಂದಲೇ ಕೇಳಿದರು.

“ಎಷ್ಟು ದಿನದಿಂದ ಗೊತ್ತು ನಿಮ್ಗೆ?”

“ಮೊದ್ಲಿಂದಾನೂ ಗೊತ್ತು.”

“ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಗಿರಾಕಿಗಳಿಗೆ ಹೇಳಲ್ಲ ನಾನು.”

“ನಾನೇನು ನಿಮ್ಮ ಗಿರಾಕಿನಾ?”

ಚಿಕ್ಕಪ್ಪ ತಲೆ ಬಗ್ಗಿಸಿದರು. ಚಿಕ್ಕಮ್ಮ ಬಿಡಲಿಲ್ಲ. “ಆ ಕೋಟಿಗೆ ಇಸ್ತ್ರಿ ಮಾಡೋಳು ನಾನು. ಹಳೇ ಸೂಜಿ ತೂತು ಕಾಣಲ್ವಾ ನಂಗೆ? ಏನೋ, ನಿಮಗೆ ಸಮಾಧಾನ ಆಗತ್ತೆ ಅಂತ ಸುಮ್ನಿದ್ದೆ. ಅವತ್ತು ಎದುರುಮನೆಯವಳ ಮುಂದೆ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ನಿಮಗೆ ಗೊತ್ತಿದ್ದೂ ಸುಮ್ನೆ ಕೂರಿಸ್ಕೊಂಡು ಹೋಗ್ತಿದ್ರಾ?”

“ಹೋಗ್ತಿರ್ಲಿಲ್ಲ. ಅದಕ್ಕೇ ಹೇಳಿದ್ದು.”

ಕ್ಯಾಪ್ಟನ್ ಈ ಮಾತುಗಳಿಗೂ ತಮಗೂ ಸಂಬಂಧವಿಲ್ಲದವರಂತೆ ಹಲಗೆಯ ಮೇಲೆ ಕೂಡಿ ನೋಡಿದರು. ಪೆಟ್ರೋಲು ಇನ್ನೂ ಇಳಿಸಿದರೆ ಹೋಗಬಹುದು, ವಾಪಸು ಬರಲಾಗುವುದಿಲ್ಲ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಹಾರಿಸುವವನು ನಾನಾದರೆ ಲೆಕ್ಕ ಸರಿಹೋಗುತ್ತದೆ ಎಂದರು. ಕಡ್ಡಿಯಂತಿರುವುದರ ಉಪಯೋಗ ಅವರಿಗೂ ಅವತ್ತೇ ಗೊತ್ತಾಗಿರಬೇಕು.

ಚಿಕ್ಕಮ್ಮ ಕ್ಯಾಪ್ಟನ್ನರನ್ನು ನೋಡಿದರು, ಗಂಡನನ್ನು ನೋಡಿದರು. ಕೋಪ ಇನ್ನೂ ಇತ್ತು. ಅತ್ತೆ ತಾರಸಿಯ ಮೇಲೆ ಕಾಯುತ್ತಿರುವುದೂ ನೆನಪಾಗಿರಬೇಕು. ಹೋಗಿ ಹತ್ತಿ ಕೂತುಬಿಟ್ಟರು.

ಹೀಗೆ ಚಿಕ್ಕಪ್ಪ ಹೆಂಡತಿಯ ಕೈಚೀಲವನ್ನು ನನ್ನಿಂದ ಇಸಿದುಕೊಂಡು ಹುಲ್ಲಿನ ಮೇಲೆ ನಿಲ್ಲಬೇಕಾಯಿತು. ವಿಮಾನ ಓಡಿತು, ಕುಪ್ಪಳಿಸಿತು, ಎದ್ದಿತು. ಅವರು ಬಾಯಿ ತೆರೆದು ನೋಡುತ್ತಿದ್ದರು. ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಹಾರಿಸಿದ್ದೆಲ್ಲ ಅವರೇ ಆದ್ದರಿಂದ, ತಮ್ಮ ವಿಮಾನ ಹಾರುವುದನ್ನು ಅವರು ಕೆಳಗಿನಿಂದ ಯಾವತ್ತೂ ಕಂಡಿರಲಿಲ್ಲ. ಬಿಸಿಲು ರೆಕ್ಕೆಯ ಬಟ್ಟೆಯೊಳಗಿಂದ ಹಾಯ್ದು ಒಳಗಿನ ಕಡ್ಡಿಗಳು ಒಂದೊಂದೂ ಕಾಣುತ್ತಿದ್ದವು. ಕಣ್ಣು ಮಂಜಾದವರಿಗೆ ಅಷ್ಟು ಕಂಡಿತೋ ಇಲ್ಲವೋ. ಹೊಲಿಗೆ ನೆಟ್ಟಗಿದೆಯಾ ನೋಡಿ ಹೇಳು ಎಂದು ನನ್ನನ್ನು ಕೇಳಿದರು. ನೆಟ್ಟಗಿದೆ ಎಂದೆ. ಆದರೂ ಅವರ ಮುಖದಲ್ಲಿ ನಗು ಬರಲಿಲ್ಲ. ಕೈಚೀಲವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತ ನಿಂತರು.

ಕೆಳಗಿಳಿದ ಚಿಕ್ಕಮ್ಮ ಮೊದಲು ಚೀಲ ಇಸಿದುಕೊಂಡರು. ಹೇಗಿತ್ತು ಎಂದು ಚಿಕ್ಕಪ್ಪ ಕೇಳಿದ್ದಕ್ಕೆ ತಲೆಗೆ ಬಿಗಿದ ಬಟ್ಟೆ ಬಿಚ್ಚುತ್ತ ಹೇಳಿದರು.

“ಚೆನ್ನಾಗಿತ್ತು ರೀ. ಆದ್ರೆ ಆ ಮನುಷ್ಯ ತುಟಿ ಪಿಟಕ್ಕನ್ನಲ್ಲ. ಅದು ಯಾರ ಮನೆ, ಇದ್ಯಾವ ರಸ್ತೆ, ಒಂದೂ ಹೇಳಲ್ಲ. ನೀವು ಪ್ರತಿ ರಜೆಗೂ ಬಂದು ತಲೆ ತಿಂತಿದ್ರಲ್ಲ, ನದಿ ತಿರುಗೋ ಜಾಗ, ಅದನ್ನ ನಾನೇ ಹುಡುಕ್ಬೇಕಾಯ್ತು. ನಂಗೆ ನಿಮ್ಮ ಜೊತೆ ಹೋಗ್ಬೇಕು.”

ಚಿಕ್ಕಪ್ಪ ಹಲಗೆಯ ಕಡೆ ಕೈ ತೋರಿಸಿದರು.

“ಗೊತ್ತು. ನೀವೊಬ್ರೇ ಹೊಟ್ಟೆ ಕಟ್ಟೋದು ಬೇಡ. ಇಬ್ರೂ ಇಳಿಸೋಣ.”

ಅಲ್ಲಿಂದ ನಮ್ಮ ಮನೆಯಲ್ಲಿ ಒಬ್ಬರ ಮೇಲೊಬ್ಬರ ಕಾವಲು ಶುರುವಾಯಿತು. ಸಕ್ಕರೆ ಡಬ್ಬ ನನ್ನ ಸುಪರ್ದಿಗೆ ಬಂತು. ಸಂಜೆ ಅಂಗಡಿ ಮುಚ್ಚಿ ಇಬ್ಬರೂ ಬಯಲಿನವರೆಗೆ ನಡೆದು, ತಕ್ಕಡಿಯ ಮೇಲೆ ನಿಂತು ಬರುತ್ತಿದ್ದರು. ದಾರಿಯಲ್ಲಿ ಚಿಕ್ಕಪ್ಪ ಕಡಲೆಕಾಯಿ ತಿಂದರು ಎಂದು ಚಿಕ್ಕಮ್ಮ, ಚಿಕ್ಕಮ್ಮ ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದಳು ಎಂದು ಚಿಕ್ಕಪ್ಪ, ನನ್ನ ಮುಂದೆ ದೂರು ತರುತ್ತಿದ್ದರು. ನಾನು ಇಬ್ಬರಿಗೂ ಹೂಂ ಎನ್ನುತ್ತಿದ್ದೆ. ಎದುರುಮನೆ ಅತ್ತೆಗೆ ಅರವತ್ತೇಳರ ಸುದ್ದಿಯನ್ನು ಚಿಕ್ಕಮ್ಮನೇ ಹೋಗಿ ಹೇಳಿ ಬಂದರು. ಅತ್ತೆ, ನನಗೆ ಅವತ್ತೇ ಗೊತ್ತಿತ್ತು ಬಿಡು ಎಂದರಂತೆ.

ಕಣ್ಣಿನ ಪರೀಕ್ಷೆಗೆ ಮೊದಲು ಬಂದ ಕೊನೆಯ ರಜೆಯ ದಿನ, ಕ್ಯಾಪ್ಟನ್ ಇಬ್ಬರನ್ನೂ ಒಟ್ಟಿಗೇ ತಕ್ಕಡಿ ಹತ್ತಿಸಿದರು. ಪೆಟ್ರೋಲನ್ನೂ ಕೂಡಿ ನೋಡಿ, ಸೀಮೆಸುಣ್ಣ ಕೆಳಗಿಟ್ಟು, ಹೊರಡಿ ಎಂದರು. ಗಾಳಿ ಇರಲಿಲ್ಲ, ಆಕಾಶ ತಿಳಿಯಾಗಿತ್ತು. ವಿಮಾನ ಈ ಸಲ ಹೆಚ್ಚು ದೂರ ಓಡಿ ಎದ್ದಿತು. ನದಿಯ ಕಡೆ ಹೋಗಿ, ಊರಿನ ಮೇಲೆ ಸುತ್ತಿ ಬಂದಿತು. ಇಳಿದು ಎಂಜಿನ್ ನಿಂತ ಮೇಲೂ ಇಬ್ಬರೂ ಕೆಳಗೆ ಬರಲಿಲ್ಲ. ಚಿಕ್ಕಪ್ಪ ಇನ್ನೂ ಕೈ ತೋರಿಸಿ ಏನೋ ಹೇಳುತ್ತಿದ್ದರು, ಚಿಕ್ಕಮ್ಮ ಕೇಳುತ್ತಿದ್ದರು. ಕೊನೆಗೆ ಕ್ಯಾಪ್ಟನ್ನರೇ ಹೋಗಿ ಬಾಗಿಲು ತಟ್ಟಿದರು.

ಹೋದ ವಾರ ವೈದ್ಯರು ನೋಡಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆ ಆಗಬೇಕು, ಅಲ್ಲಿಯವರೆಗೆ ಹಾರುವಂತಿಲ್ಲ, ಆಮೇಲೆ ನೋಡೋಣ ಎಂದಿದ್ದಾರೆ. ಚಿಕ್ಕಪ್ಪ ಎರಡು ದಿನ ಸಪ್ಪಗಿದ್ದರು. ಈಗ ಯಂತ್ರದ ಮುಂದೆ ಕೂತಿದ್ದಾರೆ. ನಿನ್ನೆ ಒಬ್ಬ ಗಿರಾಕಿ ಕೋಟು ಬಿಗಿಯಾಗಿದೆ ಎಂದು ಬಂದಾಗ, ಬಟ್ಟೆ ಕುಗ್ಗಿದೆ ಸಾರ್ ಎಂದರು. ಒಳಗಿನಿಂದ ಚಿಕ್ಕಮ್ಮ ಜೋರಾಗಿ ಕೆಮ್ಮಿದರು.

ವಿಮಾನ ಬಹಳ ದಿನ ಒಂದೇ ಕಡೆ ನಿಂತರೆ ಟೈರು ಒಂದು ಪಕ್ಕಕ್ಕೆ ಚಪ್ಪಟೆಯಾಗುತ್ತದಂತೆ. ನಾಳೆ ಬೆಳಿಗ್ಗೆ ಶೆಡ್ಡಿಗೆ ಹೋಗಿ ಅದನ್ನು ಸ್ವಲ್ಪ ಮುಂದಕ್ಕೆ ಉರುಳಿಸಿ, ಹೊದಿಕೆ ಹಾಕಿ ಬರುತ್ತೇನೆ.