ಅಂಪೈರ್ ಬೆರಳೆತ್ತುವ ಮೊದಲೇ

ಇಂಗ್ಲೆಂಡಿನಲ್ಲಿ ಟೆಸ್ಟ್ ಮ್ಯಾಚ್ ಇದ್ದರೆ ನಮ್ಮ ಶಿರಗುಪ್ಪಿಯಲ್ಲಿ ಮಧ್ಯಾಹ್ನ ಮೂರೂವರೆಗೆ ಆಟ ಶುರುವಾಗುತ್ತದೆ. ಐದೂವರೆಗೆ ಅಲ್ಲಿಯವರು ಲಂಚಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ನನ್ನ ಗೆಳೆಯ ತನ್ನ ಗೊಬ್ಬರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂಡುತ್ತಿದ್ದ. ಜೈನರ ಮನೆಯವನು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುತ್ತಿರಲಿಲ್ಲ.

"ನೋಡಲೇ, ನಮ್ಮ ಧರ್ಮ ನೋಡೇ ಟೈಮ್ ಇಟ್ಟಾರ ಇವ್ರು," ಎನ್ನುತ್ತಿದ್ದ.

"ಇಡಲಾರದ ಏನ್ ಮಾಡ್ತಾರ? ಅಳಿಯಾ ಅಲ್ಲೇನ್ ನೀ ಅವ್ರಿಗೆ," ಎನ್ನುತ್ತಿದ್ದೆ ನಾನು.

ಇಂಗ್ಲೆಂಡಿನ ಅಳಿಯ ಎಂದು ಅವನಿಗೆ ಹೆಸರಿಟ್ಟವನು ನಾನೇ. ಕಾರಣ ಇಷ್ಟೇ: ಅವರ ಬ್ಯಾಟ್ಸ್‌ಮನ್ ನಮ್ಮ ಬೌಲರನಿಗೆ ಚೆಂದದ ಕವರ್ ಡ್ರೈವ್ ಹೊಡೆದರೆ ಈ ಮನುಷ್ಯ ರೊಟ್ಟಿಯ ಕೈಯಲ್ಲೇ ಚಪ್ಪಾಳೆ ತಟ್ಟುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮವರು ಗೆಲ್ಲಬೇಕು, ಎದುರಿನವರು ಮಣ್ಣು ಮುಕ್ಕಬೇಕು, ನನ್ನ ಕ್ರಿಕೆಟ್ಟು ಅಷ್ಟೇ. ಅವನಿಗೆ ಆಟ ಚೆನ್ನಾಗಿರಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಹೀಗೆ ಎಳೆದಾಡುತ್ತಲೇ ಇಬ್ಬರಿಗೂ ತಲೆ ಬೆಳ್ಳಗಾಯಿತು.

ಈ ಜಗಳದ ಬೇರು ಅಥಣಿಯಲ್ಲಿದೆ. ಕಾಲೇಜಿನ ದಿನಗಳಲ್ಲಿ ಅಲ್ಲಿಯ ಒಂದು ಟೂರ್ನಮೆಂಟಿಗೆ ನಮ್ಮೂರ ಟೀಮು ಹೋಗಿತ್ತು. ಫೈನಲ್ಲಿನಲ್ಲಿ ಕಡೆಯ ಜೋಡಿಯಾಗಿ ನಾನು, ಅವನು. ಗೆಲ್ಲಲು ನಾಲ್ಕೇ ರನ್ನು. ಅವನ ಬ್ಯಾಟಿನ ಪಕ್ಕದಿಂದ ಹಾದ ಚೆಂಡು ಕೀಪರನ ಕೈಗೆ ಹೋಯಿತು. ಅವರೆಲ್ಲ ಕೂಗಿದರು. ಅಂಪೈರ್ ತಲೆ ಅಲ್ಲಾಡಿಸಿ, ಇಲ್ಲ ಎಂದ. ನಾನು ಉಸಿರು ಬಿಟ್ಟೆ. ಆಗ ಈ ಮಹಾನುಭಾವ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು, ಗ್ಲೌಸು ಬಿಚ್ಚುತ್ತ, ತಾನಾಗಿಯೇ ನಡೆದುಬಿಟ್ಟ.

"ಎಲ್ಲಿಗಿ ಹೊಂಟಿಲೇ?" ಎಂದು ನಾನು ಅರಚಿದೆ.

"ಬ್ಯಾಟಿಗೆ ಹತ್ತಿತ್ತೋ. ಇನ್ನ ಅಲ್ಲಿ ನಿಂತ ಏನ್ ಮಾಡ್ಲಿ?"

ಅಥಣಿಯ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಗೆದ್ದವರು ಸೋತವನನ್ನೇ ಹೊತ್ತು ಕುಣಿಯುವುದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯಿತ್ತು. ನಾನು ನಿಂತುಕೊಂಡೇ ಊರು ಮುಟ್ಟಿದೆ. ಮುಂದೆ ತಿಂಗಳುಗಟ್ಟಲೆ ಮಾತು ಬಿಟ್ಟೆ.

ಮಾತು ಮತ್ತೆ ಶುರುವಾದದ್ದು ಅವರ ಕ್ಷಮಾವಣಿಯ ದಿನ. ಮಳೆಗಾಲದ ಕೊನೆಗೆ ಹತ್ತು ದಿನದ ಪರ್ವ ಮುಗಿದ ಮೇಲೆ ಜೈನರು ಒಬ್ಬರಿನ್ನೊಬ್ಬರ ಮನೆಗೆ ಹೋಗಿ ಕೈ ಜೋಡಿಸಿ 'ಉತ್ತಮ ಕ್ಷಮಾ' ಎನ್ನುತ್ತಾರೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವುದು. ನಾವು ಜೈನರಲ್ಲ. ಆದರೂ ಅವನು ನಮ್ಮ ಕಟ್ಟೆ ಹತ್ತಿ ಬಂದು ಕೈ ಜೋಡಿಸಿ ನಿಂತ.

"ಅಂದ್ರ ನೀ ತಪ್ಪ ಮಾಡಿದ್ದು ಖರೇ ಅಂತಾತು," ಎಂದೆ ನಾನು, ಗೆದ್ದವನ ಹಾಗೆ.

"ಔಟಾಗಿ ಹೋಗಿದ್ದಕ್ಕ ಕ್ಷಮಾ ಕೇಳಾಕ ಬಂದಿಲ್ಲಲೇ. ನಿನಗ ದುಃಖ ಆತಲ್ಲ, ಅದಕ್ಕ ಕೇಳಾಕ ಬಂದೇನಿ."

ಅಂದಿನಿಂದ ಒಂದು ವರ್ಷವೂ ತಪ್ಪಿಸಲಿಲ್ಲ. ಮದುವೆಯಾದ ಮೇಲೆ ಹೆಂಡತಿಯನ್ನೂ ಕರೆದುಕೊಂಡು ಬರುತ್ತಿದ್ದ. ಆಕೆ ನನ್ನನ್ನು ಅಣ್ಣಾ ಎನ್ನುತ್ತಿದ್ದಳು, ನಾನು ತಂಗಿ ಎನ್ನುತ್ತಿದ್ದೆ. ಪ್ರತಿ ವರ್ಷ ಕೈ ಜೋಡಿಸಿ, ಕೊನೆಗೆ ಕಣ್ಣು ಮಿಟುಕಿಸಿ, "ಅಥಣಿ ಔಟಿಗೆ ಮಾತ್ರ ಇಲ್ಲಪಾ," ಎನ್ನುತ್ತಿದ್ದ. ನಾನು, "ಅಂಪೈರ್ ಕೊಟ್ಟಿರಲಿಲ್ಲ," ಎನ್ನುತ್ತಿದ್ದೆ. ಆಮೇಲೆ ಚಹಾ. ಇದು ನಮ್ಮ ಹಬ್ಬವೇ ಆಗಿಹೋಗಿತ್ತು.

ಅಂಗಡಿಯಲ್ಲಿ ಟಿವಿ ಬಂದ ಮೇಲೆ ಐದು ದಿನದ ಮ್ಯಾಚನ್ನು ಐದೂ ದಿನ ಅಲ್ಲೇ ಕೂತು ನೋಡುತ್ತಿದ್ದೆವು. ಗದ್ದೆಗೆ ನೀರು ಬಿಟ್ಟು ಓಡಿ ಬಂದರೆ ಅವನ ಮೊದಲ ಮಾತು, "ಬಂದ್ಯಾ? ಕುಂಡ್ರು." ಅವನು ಗೊಬ್ಬರದ ಚೀಲ ಇಳಿಸಿಕೊಳ್ಳಲು ಹೋಗಿ ಬಂದರೆ ಬಾಗಿಲಲ್ಲೇ ಕೇಳುತ್ತಿದ್ದ, "ಎಷ್ಟಾತಲೇ?" ದಾರಿಯಲ್ಲಿ ಸಿಕ್ಕರೂ ಅದೇ, ಮದುವೆಯ ಪಂಕ್ತಿಯಲ್ಲಿ ಸಿಕ್ಕರೂ ಅದೇ. ಕ್ಷೇಮವೇ ಎಂದು ಅವನು ನನ್ನನ್ನು ಕೇಳಿದ್ದೇ ಇಲ್ಲ. ಎಷ್ಟಾಯಿತು ಎಂದು ಕೇಳಿದನೆಂದರೆ ಎಲ್ಲವನ್ನೂ ಕೇಳಿದ ಹಾಗೆ.

ಒಮ್ಮೆ ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಒಬ್ಬನ ಬ್ಯಾಟಿಗೆ ಚೆಂಡು ಸವರಿ ಹೋದದ್ದು ಇಡೀ ಶಿರಗುಪ್ಪಿಗೆ ಕೇಳಿಸಿತ್ತು. ಅಂಪೈರ್ ಕೊಡಲಿಲ್ಲ, ನಮ್ಮವರ ರಿವ್ಯೂ ಮುಗಿದಿದ್ದವು. ಆ ಪುಣ್ಯಾತ್ಮ ನೆಲ ನೋಡುತ್ತ ನಿಂತೇ ಇದ್ದ. ನಾನು ಅವನ ಏಳು ತಲೆಮಾರನ್ನೂ ಬೈದೆ.

"ಯಾಕ ಬೈತಿ? ನೀ ಹೇಳಿದಂಗ ಮಾಡ್ಯಾನ ಅಂವಾ," ಎಂದ ಗೆಳೆಯ. "ಅಂಪೈರ್ ಕೊಟ್ಟಿಲ್ಲಲ್ಲ."

"ಅಂವಾ ಇಂಗ್ಲೆಂಡಿನಾಂವ."

"ಹೌದ ಹೌದ. ಧರ್ಮ ಎಲ್ಲಾ ಇಂಗ್ಲೆಂಡಿನಾವ್ರಿಗೆ, ನಮಗ ಬರೇ ರನ್ನು."

ಇನ್ನೊಂದು ದಿನ ಎದುರಿನವನ ಸೆಂಚುರಿಗೆ ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದ. ಬೀಜ ಒಯ್ಯಲು ಬಂದಿದ್ದ ಕೆಲವು ಹುಡುಗರಿಗೆ ಸಿಟ್ಟು ಬಂತು. "ನೀವ್ ಯಾರ ಕಡೆಯವ್ರಿ? ಈ ದೇಶದ ಅನ್ನಾ ಉಂತೀರೋ ಇಲ್ಲೋ?" ಎಂದು ಒಬ್ಬ ಕೇಳಿದ. ನಾನು ಎದ್ದವನೇ ಅವನ ಅಂಗಿಯ ಕಾಲರಿಗೆ ಕೈ ಹಾಕಿದೆ. ಆ ಮಾತನ್ನು ಅದೇ ದಿನ ಬೆಳಿಗ್ಗೆ ನಾನೇ ಹೇಳಿದ್ದೆ, ಅದು ಬೇರೆ. ಅವನನ್ನು ಬೈಯುವ ಹಕ್ಕನ್ನು ನಾನು ಇನ್ಯಾರಿಗೂ ಬರೆದುಕೊಟ್ಟಿರಲಿಲ್ಲ.

ಇತ್ತೀಚಿನ ಬೇಸಿಗೆಯಲ್ಲಿ ಅವನ ಕಣ್ಣು ಹಳದಿಯಾದವು. ಮಿರಜಿಗೆ ಕರೆದುಕೊಂಡು ಹೋದೆವು. ಯಕೃತ್ತಿನಲ್ಲಿ ಗಡ್ಡೆ, ಬಹಳ ಹರಡಿದೆ ಎಂದರು. ಡಾಕ್ಟರು ಮರಾಠಿಯಲ್ಲಿ, ನನ್ನ ಮುಖ ನೋಡದೆ, "ಆತಾ ಘರೀ ಘೇವೂನ ಜಾ," ಎಂದರು. ಇನ್ನು ಮನೆಗೆ ಕರೆದುಕೊಂಡು ಹೋಗಿ. ಗಡಿಯವರಿಗೆ ಎರಡು ಭಾಷೆ ಬರುತ್ತದೆಂದು ಹೆಮ್ಮೆಪಡುತ್ತೇವೆ. ಅಂದು ಒಂದಾದರೂ ಬಾರದೆ ಇದ್ದಿದ್ದರೆ ಎಂದುಕೊಂಡೆ.

ದಾರಿಯಲ್ಲಿ ಕಾರು ನಿಲ್ಲಿಸಿ ನಾನು ಹೇಳಿದೆ, "ಮಿರಜಿನ್ಯಾಗ ಔಟ್ ಕೊಟ್ರ ಏನಾತು? ಪುಣೆದಾಗ ರಿವ್ಯೂ ತಗೊಳ್ಳೂಣು."

ಅವನು ನಕ್ಕ. "ಬಾಲ್ ಬ್ಯಾಟಿಗೆ ಹತ್ತಿದ್ದು ಯಾರಿಗಿ ಗೊತ್ತಾಗದಿದ್ರೂ ಆಡಾಂವಗ ಗೊತ್ತಾಗತೈತಿ."

ಆ ಮಳೆಗಾಲ ಬಸದಿಯಲ್ಲಿ ಮುನಿಗಳು ಚಾತುರ್ಮಾಸಕ್ಕೆ ಬಂದು ಉಳಿದಿದ್ದರು. ಇವನು ಅವರ ಮುಂದೆ ಕೂತು ಸಲ್ಲೇಖನ ಬೇಡಿದ. ಅನ್ನವನ್ನು, ಹಾಲನ್ನು, ಕೊನೆಗೆ ನೀರನ್ನೂ ಒಂದೊಂದಾಗಿ ಬಿಡುತ್ತ, ಯಾವುದರ ಮೇಲೂ ಆಸೆಯಿಲ್ಲದೆ, ಯಾರ ಮೇಲೂ ದ್ವೇಷವಿಲ್ಲದೆ ಸಾವನ್ನು ಎದುರುಗೊಳ್ಳುವ ವ್ರತ ಅದು. ಮುನಿಗಳು ಅವಸರ ಮಾಡಲಿಲ್ಲ, ಮನೆಯವರ ಒಪ್ಪಿಗೆ ಕೇಳಿದರು. ಹೆಂಡತಿ ಹೂಂ ಎಂಬಂತೆ ತಲೆ ಅಲ್ಲಾಡಿಸಿದಳು ಎಂದು ಕೇಳಿದೆ. ನಾನು ಅಲ್ಲಿರಲಿಲ್ಲ. ಇದ್ದರೆ ರಂಪ ಮಾಡುತ್ತಿದ್ದೆ.

ಇದು ಅವರ ಧರ್ಮ, ದೊಡ್ಡದು, ಊರೆಲ್ಲ ಕೈ ಮುಗಿಯಿತು. ನಾನೂ ಮುಗಿದೆ. ಆದರೆ ನನಗೆ ಅವನು ಬೇಕಾಗಿತ್ತು.

ವ್ರತ ಹಿಡಿಯುವ ದಿನ ಅವನು ಎಲ್ಲರ ಮುಂದೆ ಕೈ ಜೋಡಿಸಿ ಕ್ಷಮೆ ಕೇಳಿದ. ಒಬ್ಬೊಬ್ಬರೂ ತಿರುಗಿ ಕೈ ಜೋಡಿಸಿದರು. ನನ್ನ ಸರದಿ ಬಂತು.

"ನಾ ಕೊಡೂದಿಲ್ಲ," ಎಂದೆ. ಎಲ್ಲರೂ ತಿರುಗಿ ನೋಡಿದರು. ಕೊಟ್ಟರೆ ಅವನು ಹೋಗುತ್ತಾನೆ, ಕೊಡದಿದ್ದರೆ ಕಾಲಿಗೆ ಒಂದು ಹಗ್ಗವಾದರೂ ಉಳಿಯುತ್ತದೆ ಎಂಬ ಲೆಕ್ಕ ನನ್ನದು. "ಇಂಗ್ಲೆಂಡಿನ ಸೀರೀಸ್ ನಡದೈತಿ. ಮುಗಿಯೂತನಾ ತಡಿ. ಆಮ್ಯಾಲ ನೋಡೂಣು."

ಅವನು ನನ್ನ ಕೈ ಹಿಡಿದುಕೊಂಡ. "ನೀ ಕೊಡಲಿಲ್ಲಂದ್ರೂ ನಾ ನಿನಗ ಕೊಟ್ಟೀನಲೇ," ಎಂದ. ಅವನ ಬಾಯಿಂದ 'ಲೇ' ಎಂದು ಕರೆಸಿಕೊಂಡದ್ದು ಅದೇ ಕೊನೆ.

ಆ ಕೋಣೆಗೆ ಕೆಲವು ಕಟ್ಟಳೆಗಳಿದ್ದವು. ಅಲ್ಲಿ ಅಳುವಂತಿಲ್ಲ. ಅತ್ತರೆ ಹೋಗುವವನ ಮನಸ್ಸು ಹಿಂದಕ್ಕೆ ತಿರುಗುತ್ತದೆ. ಸಂಸಾರದ ಮಾತು ಆಡುವಂತಿಲ್ಲ. ಹೆಂಡತಿ, ಮಕ್ಕಳು, ಓಣಿಯವರು ಸರದಿಯ ಮೇಲೆ ಕೂತು ಣಮೋಕಾರ ಮಂತ್ರ ಹೇಳುತ್ತಿದ್ದರು. ಆಕೆಯ ಕಣ್ಣು ಒಣಗಿದ್ದವು. ನಾನು ಮಂತ್ರ ಕಲಿಯಲಿಲ್ಲ. ಬಾಗಿಲ ಹತ್ತಿರ ಕೂತು ಅವನನ್ನೇ ನೋಡುತ್ತಿದ್ದೆ. ರೊಟ್ಟಿ ಹೋಯಿತು, ಹಾಲು ಹೋಯಿತು, ಮಜ್ಜಿಗೆ ಹೋಯಿತು, ನೀರಷ್ಟೇ ಉಳಿಯಿತು. ಮುಖ ಮಾತ್ರ ದಿನದಿನಕ್ಕೆ ಹಗುರಾಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮನ್ನೆಲ್ಲ ಬಿಟ್ಟು ಹೋಗಲು ಇಷ್ಟು ಸಂತೋಷವೇ?

ಅಷ್ಟರಲ್ಲಿ ಕೊನೆಯ ಟೆಸ್ಟು ಬಂತು. ಅಂಗಡಿಯ ಬಾಗಿಲು ಹಾಕಿತ್ತು. ಮನೆಯಲ್ಲಿ ಒಬ್ಬನೇ ಕೂತು ನೋಡಿದೆ. ಅಂಥ ಮ್ಯಾಚು ನೋಡಿಲ್ಲ. ಸೋತೆವು ಅನ್ನುವಷ್ಟರಲ್ಲಿ ನಮ್ಮವರು ಎದ್ದರು, ಎದ್ದೆವು ಅನ್ನುವಷ್ಟರಲ್ಲಿ ಅವರು ಎದ್ದರು. ಕೊನೆಯ ದಿನ ಲಂಚಿಗೂ ಮೊದಲೇ ಮುಗಿಯಿತು. ನಮ್ಮವರು ಗೆದ್ದರು. ಸೋತ ಕಡೆಯ ಕೊನೆಯ ಬ್ಯಾಟ್ಸ್‌ಮನ್ ಅಲ್ಲೇ ಮಂಡಿಯೂರಿ ಕೂತ. ನಮ್ಮ ಬೌಲರ್ ಕುಣಿಯುವುದನ್ನು ಬಿಟ್ಟು ಅವನ ಹತ್ತಿರ ಹೋಗಿ, ಕೈ ಹಿಡಿದು ಎಬ್ಬಿಸಿ, ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದ. ಇಂಗ್ಲೆಂಡಿನ ಜನ ಎದ್ದು ನಿಂತು ಇಬ್ಬರಿಗೂ ಚಪ್ಪಾಳೆ ತಟ್ಟಿದರು. ನೋಡುತ್ತ ನೋಡುತ್ತ ನನ್ನ ಕೈಯೂ ತಟ್ಟಿತು. ಎದುರಿನವರಿಗೆ ನಾನು ತಟ್ಟಿದ ಮೊದಲ ಚಪ್ಪಾಳೆ. ಅದನ್ನು ನೋಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಚಪ್ಪಲಿ ಮೆಟ್ಟದೆ ಓಡಿದೆ. ಅವನ ಮನೆಯ ಬಾಗಿಲಲ್ಲಿ ಗಡಿಯಾರ ನೋಡಿದೆ, ಐದೂವರೆ. ಡಬ್ಬಿ ಬಿಚ್ಚುವ ಹೊತ್ತು. ನಾನಾಗಿ ಹೇಳುವಂತಿಲ್ಲ, ಗೊತ್ತು. ಆದರೆ ಅವನು ಕೇಳಿದರೆ? ಒಂದು ಸಲ, ಬರೀ ತುಟಿ ಅಲ್ಲಾಡಿಸಿ, ಎಷ್ಟಾಯಿತು ಎಂದು ಕೇಳಿದರೆ ಹೇಳಿಬಿಡುತ್ತೇನೆ, ಮುನಿಗಳು ಎದುರಿಗಿದ್ದರೂ ಹೇಳುತ್ತೇನೆ ಎಂದುಕೊಂಡು ಒಳಗೆ ಹೋದೆ.

ಅವನು ಕಣ್ಣು ತೆರೆದ. ನನ್ನನ್ನು ನೋಡಿದ, ಗುರುತು ಹಿಡಿದ. ನಕ್ಕ. ನನಗಿಂತ ಮೊದಲು ಒಳಗೆ ಹೋಗಿದ್ದ ಹಾಲಿನವನಿಗೂ ಅದೇ ನಗು ನಕ್ಕಿದ್ದ. ನಾನು ಕಾದೆ. ಅವನು ಕೇಳಲಿಲ್ಲ. ನಿಧಾನಕ್ಕೆ ಕಣ್ಣು ಮುಚ್ಚಿಕೊಂಡ. ಮಂತ್ರ ನಡೆದೇ ಇತ್ತು.

ರೊಟ್ಟಿ ಬಿಟ್ಟಾಗ, ನೀರು ಬಿಡುತ್ತೇನೆ ಎಂದಾಗ ಆಗದ ಸಂಕಟ ನನಗೆ ಆಗ ಆಯಿತು. ಅವನು ಬಿಟ್ಟ ಆಸೆಗಳಲ್ಲಿ ನಾನೂ ಒಬ್ಬನಾಗಿದ್ದೆ. ಗೆದ್ದ ಸುದ್ದಿಯನ್ನು ಗಂಟಲಲ್ಲಿ ಇಟ್ಟುಕೊಂಡು, ಬಾಯಿಗೆ ಟವೆಲ್ಲು ತುರುಕಿಕೊಂಡು ಹೊರಗೆ ಬಂದೆ. ಕೃಷ್ಣೆಯ ಕಡೆಯ ಕಬ್ಬಿನ ಗದ್ದೆಯಲ್ಲಿ ಬದುವಿನ ಮೇಲೆ ಕೂತು ಕತ್ತಲಾಗುವವರೆಗೆ ಅತ್ತೆ. ಮರುದಿನ ನೀರನ್ನೂ ಬಿಟ್ಟ. ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ.

ಊರು ಅವನನ್ನು ಬಾಜಾಬಜಂತ್ರಿಯೊಡನೆ ಕಳಿಸಿತು. ಎಂಥ ಸಾವು, ಯಾರಿಗೆ ಬರುತ್ತದೆ ಎಂದರು. ನಾನು ತಲೆಯಾಡಿಸಿದೆ. ಮನೆಗೆ ಬಂದು ಟಿವಿಯ ಮೇಲೆ ಒಂದು ಬಟ್ಟೆ ಹಾಕಿದೆ.

ಕ್ಷಮಾವಣಿಯ ದಿನ ಬೆಳಿಗ್ಗೆ ಸ್ನಾನ ಮಾಡಿ ಸುಮ್ಮನೆ ಕಟ್ಟೆಯ ಮೇಲೆ ಕೂತಿದ್ದೆ. ಯಾರೂ ಬರುವವರಿರಲಿಲ್ಲ. ಆದರೂ ಕೂತಿದ್ದೆ. ಓಣಿಯ ತಿರುವಿನಲ್ಲಿ ಅವನ ಹೆಂಡತಿ ಒಬ್ಬಳೇ ಬರುವುದು ಕಂಡಿತು. ಕಟ್ಟೆಯ ಕೆಳಗೆ ನಿಂತು ಕೈ ಜೋಡಿಸಿದಳು.

"ಉತ್ತಮ ಕ್ಷಮಾ, ಅಣ್ಣಾ. ವ್ರತಾ ಹಿಡಿಯೂಕಿಂತ ಮೊದಲ ನನಗ ಹೇಳಿದ್ರು. ಆ ದಿನಾ ಹೋಗು, ಅಂವಾ ಕಟ್ಟಿ ಮ್ಯಾಲ ಕುಂತ ಹಾದಿ ನೋಡತಿರತಾನ, ಅಂತ."

ನಾನು ಕಟ್ಟೆಯಿಂದ ಎದ್ದು ನಿಂತೆ.

"ಮತ್ತ..." ಆಕೆ ತಡವರಿಸಿದಳು. "ಅಥಣಿ ಔಟಿಗೆ ಮಾತ್ರ ಕೇಳಬ್ಯಾಡ ಅಂದಾರ. ಅದು ಔಟ್ ಇತ್ತಂತ."

ನಗಬೇಕಾಗಿತ್ತು. ಪ್ರತಿ ವರ್ಷದ ಉತ್ತರ ಬಾಯಿಗೆ ತಾನಾಗಿ ಬಂತು.

"ಅಂಪೈರ್ ಬೆರಳ ಎತ್ತಿರಲಿಲ್ಲ ತಂಗಿ," ಎಂದೆ. "ಇನ್ನೂ ಆಡಬಹುದಿತ್ತು ಅಂವಾ. ಇನ್ನೊಂದ ಸ್ವಲ್ಪ ಆಡಬಹುದಿತ್ತು."

ಜೋಡಿಸಿದ ಕೈ ಹಾಗೆಯೇ ಇತ್ತು. ಆಕೆಗೆ ಅಳು ಒತ್ತರಿಸಿ ಬಂತು.

"ನಾನೂ ಅದನ್ನ ಅಂದೆ ಅಣ್ಣಾ. ಅಷ್ಟ ಮಂದಿ ಮುಂದ ತಲಿ ಅಲ್ಲಾಡಿಸೀನಿ ಖರೇ, ಹಿಂದಿನ ದಿನಾ ಕಾಲ ಹಿಡಕೊಂಡ ಅದನ್ನ ಅಂದೆ. ಕೇಳಲಿಲ್ಲ."

ಅಷ್ಟು ದಿನ ಆ ಕೋಣೆಯಲ್ಲಿ ಒಂದು ಹನಿ ಕಣ್ಣೀರು ಹಾಕದ ಹೆಂಗಸು ನನ್ನ ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗೆ ಇಟ್ಟುಕೊಳ್ಳದೆ, ಓಣಿಗೆಲ್ಲ ಕೇಳುವಂತೆ ಅತ್ತಳು. ನಾನು ಸುಮ್ಮನಿರು ಎನ್ನಲಿಲ್ಲ.