ಜರ್ಮನ್ ಕುಣಿತಕ್ಕೆ ಅಡ್ಡ ಬಂದ ಸೆರಗು

ಆಗಿನ್ನೂ ಊರಿಗೆ ಮಾತಾಡಬೇಕೆಂದರೆ ಕಾಲಿಂಗ್ ಕಾರ್ಡ್ ಕೆರೆದು ನಂಬರ್ ಒತ್ತಬೇಕಿತ್ತು. ಮೆಲ್ಬರ್ನಿನ ಕ್ಲೇಟನ್‌ನಲ್ಲಿ ನಮ್ಮದು ರೆಂಟ್ ಮನೆ. ಅಪ್ಪ, ಮಮ್ಮಿ, ನಾನು, ಅಪ್ಪನ ತಮ್ಮ ಬಸು ಕಾಕಾ. ಜೊತೆಗೆ ಆ ವರ್ಷ ಧಾರವಾಡದಿಂದ ವಿಸಿಟರ್ ವೀಸಾದ ಮೇಲೆ ಬಂದಿದ್ದ ಅಪ್ಪನ ತಾಯಿ, ನಮ್ಮ ಆಯಿ.

ಊರಿಂದ ಬಂದವರಿಗೆ ಬೇರೆಯವರು ಸಮುದ್ರ, ಕಾಂಗರೂ ತೋರಿಸುತ್ತಿದ್ದರು. ನಮ್ಮಪ್ಪನ ಹುಚ್ಚೇ ಬೇರೆ. ಲಗ್ನಕ್ಕೆ ಮುಂಚೆ ಜರ್ಮನಿಯಲ್ಲಿ ಕೆಲಸ ಕಲಿತು ಬಂದವನು, ಆಸ್ಟ್ರೇಲಿಯಾದಲ್ಲಿ ಕೂತು ಜರ್ಮನಿ ಹುಡುಕುತ್ತಿದ್ದ. ಆಯಿಯನ್ನು ಸಿಡ್ನಿಗೆ ಕರೆದೊಯ್ದಾಗ ಆಪೆರಾ ಹೌಸನ್ನು ಕಾರಿನ ಕಿಟಕಿಯಿಂದಲೇ ಮುಗಿಸಿ, ಒಂದು ಜರ್ಮನ್ ಬೇಕರಿಯಲ್ಲಿ ಅರ್ಧ ದಿನ ಕೂರಿಸಿದ. ಆಯಿ ಅಲ್ಲಿನ ಇಟ್ಟಿಗೆಯಂಥ ಕರಿ ಬ್ರೆಡ್ಡನ್ನು ಬೆರಳಿಂದ ಬಡಿದು ನೋಡಿ, "ಇದರಿಂದ ಗ್ವಾಡಿ ಕಟ್ಟಬಹುದಲ್ಲೋ" ಅಂದಿದ್ದಳು.

ಬಸು ಕಾಕಾನದು ಗರಡಿಯಲ್ಲಿ ಬೆಳೆದ ಮೈ, ಮೂಗಿನ ತುದಿಗೇ ಸಿಟ್ಟು. ಕಾಲೇಜಿನಲ್ಲಿದ್ದಾಗ ಒಬ್ಬನ ದವಡೆ ಮುರಿದಿದ್ದ. ಅವನ ಕಡೆಯವರು ಕುಡಗೋಲು ಹಿಡಿದು ಬಂದಾಗ ಬಾಗಿಲಿಗೆ ಅಡ್ಡ ನಿಂತವಳು ಆಯಿ. ನಮ್ಮ ಓಣಿಯ ಪದ್ಧತಿ ಅದು. ಹೊಡೆದಾಟ ಬಿದ್ದರೆ ಹಿರಿಯ ಹೆಂಗಸೊಬ್ಬಳು ಎರಡೂ ಕೈಯಿಂದ ಸೆರಗು ಹರಡಿ ನಡುವೆ ಹೋಗಬೇಕು. ಆ ಸೆರಗು ದಾಟಿ ಯಾರೂ ಕೈ ಎತ್ತುವಂತಿಲ್ಲ. ಅವರು ಅಂದು ತಿರುಗಿ ಹೋದರು, ಆದರೆ ಊರಿನಲ್ಲಿ ಮತ್ತೆ ಸಿಕ್ಕರೆ ಬಿಡುವುದಿಲ್ಲ ಎಂದು ಹೇಳಿಯೇ ಹೋದರು. ಹಾಗಾಗಿ ಕಾಕಾ ಓದುವ ನೆಪದಲ್ಲಿ ಇಲ್ಲಿಗೆ ಬಂದ. ಇಲ್ಲೇ ಕಾಯಂ ಉಳಿಯಲು ಬೇಕಾದ ಪಿಆರ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದ. ಒಂದು ಪೊಲೀಸ್ ಕೇಸ್ ಬಿದ್ದರೆ ಪಿಆರ್ ಹೋಯಿತು. ವಾಪಸು ಹೋದರೆ ಅಲ್ಲಿ ಕುಡಗೋಲು. ಪಿಆರ್ ಬರುವತನಕ ಕೈ ಜೇಬಿನಲ್ಲಿರಲಿ ಎಂದು ಅಪ್ಪ ದಿನಾ ಹೇಳುತ್ತಿದ್ದ.

ಅಕ್ಟೋಬರಿನಲ್ಲಿ ಮೆಲ್ಬರ್ನಿನ ಜರ್ಮನರ ಸಭಾಂಗಣವೊಂದರಲ್ಲಿ ಹಬ್ಬ. ಅಪ್ಪ ಎಲ್ಲರಿಗೂ ಟಿಕೆಟ್ ಬುಕ್ ಮಾಡಿದ. ಒಳಗೆ ಬಿಯರ್ ವಾಸನೆ, ಸಾಸೇಜ್ ಹುರಿಯುವ ಹೊಗೆ, ಹುಳಿ ಬರಿಸಿದ ಎಲೆಕೋಸಿನ ಘಾಟು. ಆಯಿ ಮೂಗಿಗೆ ಸೆರಗು ಹಿಡಿದೇ ಕೂತಳು. ಆಲೂಗಡ್ಡೆ ತುರಿದು ಕರಿದ ದೋಸೆಯಂಥದು ಬಂದಾಗ ಮಾತ್ರ ಚೀಲದಿಂದ ಶೇಂಗಾ ಚಟ್ನಿ ತೆಗೆದು, ಹಚ್ಚಿಕೊಂಡು ತಿಂದಳು.

ಅಪ್ಪ ಸೇಬಿನ ಸಿಹಿ ತರಲು ಎದ್ದು ಹೋದಾಗಲೇ ಕುಣಿತ ಶುರುವಾಯಿತು. ತೊಗಲಿನ ಚಡ್ಡಿ ತೊಟ್ಟ ಇಬ್ಬರು ದಾಂಡಿಗರು ಮೊದಲು ತೊಡೆ ಬಡಿದುಕೊಂಡರು, ಬೂಟು ಬಡಿದುಕೊಂಡರು. ಜೋಳದ ರೊಟ್ಟಿ ತಟ್ಟುವ ಸಪ್ಪಳದಂತೆಯೇ ಇತ್ತು. ಆಮೇಲೆ ಒಬ್ಬರ ಕೆನ್ನೆಗೊಬ್ಬರು ಬಾರಿಸತೊಡಗಿದರು. ಒಬ್ಬ ಉರುಳಿಬಿದ್ದ; ಇನ್ನೊಬ್ಬ ಅವನ ಕಾಲರ್ ಹಿಡಿದೆತ್ತಿ ಮತ್ತೆ ಬಾರಿಸಿದ. ಜನ ಮಗ್ ಕುಟ್ಟಿ ನಗುತ್ತಿದ್ದರು. ಅದು ಕುಣಿತದ ಪಟ್ಟು, ಏಟು ತಾಗುವುದಿಲ್ಲ ಎಂದು ಹೇಳಲು ಅಪ್ಪ ಅಲ್ಲಿರಲಿಲ್ಲ.

ಆಯಿ ಎದ್ದಳು. "ನೋಡಕೋಂತ ಕುಂತೀರಲ್ಲ, ಮನಶ್ಯಾರೇನ ನೀವು?" ಎಂದು ಇಡೀ ಸಭೆಯನ್ನು ಕನ್ನಡದಲ್ಲೇ ಬೈದು, ಮಮ್ಮಿಯ ಕೈ ಕೊಸರಿಕೊಂಡು ವೇದಿಕೆ ಹತ್ತಿದಳು. ಸೆರಗು ಹರಡಿ ಇಬ್ಬರ ನಡುವೆ ನುಗ್ಗಿದಳು. ಬೀಸಿ ಬಂದ ಒಬ್ಬನ ಕೈ ಅವಳ ಮುಖಕ್ಕೆ ಬಿತ್ತು. ಮೂಗುತಿ ಕಿತ್ತು ಹಾರಿತು. ಮೂಗಿನಿಂದ ಸೆರಗಿನವರೆಗೆ ರಕ್ತ.

ಕಾಕಾ ಮೇಜುಗಳ ಮೇಲೆಯೇ ಓಡಿದ. ಮಗ್ಗುಗಳು ಒಡೆದವು, ಯಾರೋ ಹೆಂಗಸು ಕಿರುಚಿದಳು. ಒಂದೇ ಗುದ್ದಿಗೆ ಆ ದಾಂಡಿಗನ ಮೂಗು ಮುರಿದದ್ದು ಕೆಳಗಿದ್ದ ನನಗೂ ಕೇಳಿಸಿತು. ಬಿಡಿಸಲು ಬಂದವನೊಬ್ಬನನ್ನು ಎತ್ತಿ ಡ್ರಮ್ಮಿನ ಮೇಲೆ ಒಗೆದ. ಹಿಂದಿನಿಂದ ಒಬ್ಬ ಕುರ್ಚಿ ಬೀಸಿ ಕಾಕಾನ ತಲೆ ಒಡೆದ. ಕಾಕಾನಿಗೆ ಅದರ ಪರಿವೆಯೇ ಇಲ್ಲ. ಮೂಗು ಮುರಿದು ಬಿದ್ದವನ ಎದೆಯ ಮೇಲೆ ಕೂತು ಬಡಿಯುತ್ತಲೇ ಇದ್ದ.

ಆಯಿ ತೆವಳಿಕೊಂಡೇ ಬಂದು ರಕ್ತದ ಸೆರಗನ್ನು ಆ ಮನುಷ್ಯನ ಮುಖದ ಮೇಲೆ ಹರಡಿದಳು.

"ಬಸ್ಯಾ, ದಾಟು ನೋಡೋಣು."

ಎತ್ತಿದ ಮುಷ್ಟಿ ಅಲ್ಲೇ ನಿಂತಿತು. ಬೆನ್ನಿಗೆ ಇನ್ನೊಂದು ಕುರ್ಚಿ ಬಿತ್ತು. ಕಾಕಾ ತಿರುಗಿಯೂ ನೋಡಲಿಲ್ಲ.

ಪೊಲೀಸರು ಬಂದರು. ಸೇಬಿನ ಸಿಹಿಯ ತಟ್ಟೆ ಹಿಡಿದೇ ನಿಂತಿದ್ದ ಅಪ್ಪನ ಮುಖ ಸುಣ್ಣವಾಗಿತ್ತು. ಯಾರು ಹೊಡೆದರೆಂದು ಪೊಲೀಸರು ಮೂಗು ಮುರಿಸಿಕೊಂಡವನನ್ನು ಕೇಳಿದರು. ಅವನು ಆಯಿಯ ಹರಿದ ಮೂಗನ್ನು ಬಹಳ ಹೊತ್ತು ನೋಡಿದ. ಆಮೇಲೆ, ನಮ್ಮ ಕುಣಿತವೇ ಹೀಗೆ, ಆಗಾಗ ಪೆಟ್ಟಾಗುತ್ತದೆ, ನನ್ನ ದೂರೇನೂ ಇಲ್ಲ ಅಂದ. ಪೊಲೀಸರು ನಂಬಿದರೋ ಇಲ್ಲವೋ, ಹೊರಟರು. ಅವನು ಆಯಿಗೆ ಬಟ್ಟೆಯಲ್ಲಿ ಐಸ್ ಸುತ್ತಿ ತಂದುಕೊಟ್ಟ. ಆಯಿ ಅದನ್ನು ಮೊದಲು ಅವನ ಮೂಗಿಗೇ ಒತ್ತಿ ಹಿಡಿದಳು.

ಮುಂದೆ ಕಾಕಾನಿಗೆ ಪಿಆರ್ ಬಂತು. ಆಯಿ ಊರಿಗೆ ಮರಳಿದಳು. ಹರಿದ ಮೂಗಿಗೆ ಮತ್ತೆ ಮೂಗುತಿ ಏರಲಿಲ್ಲ. ಅವಳು ತೀರಿಹೋಗಿ ಎಷ್ಟೋ ವರ್ಷವಾಯಿತು. ಆ ಸಭಾಂಗಣವಿದ್ದಲ್ಲಿ ಈಗ ಅಪಾರ್ಟ್‌ಮೆಂಟ್. ಜಗಳ ಕಂಡರೆ ನಡುವೆ ಹೋಗುವ ಹೆಂಗಸರು ಈಗ ಧಾರವಾಡದ ನಮ್ಮ ಓಣಿಯಲ್ಲೂ ಇಲ್ಲವಂತೆ.

ಹೋದ ಚಳಿಗಾಲ ಬಾಕ್ಸ್ ಹಿಲ್ ಸ್ಟೇಷನ್ನಿನಲ್ಲಿ ನಾನೂ ಕಾಕಾನೂ ರೈಲಿಗೆ ಕಾಯುತ್ತಿದ್ದೆವು. ಇಬ್ಬರು ಹುಡುಗರು ಹೊಡೆದಾಟಕ್ಕೆ ಬಿದ್ದರು. ಸುತ್ತ ನಿಂತವರೆಲ್ಲ ಫೋನ್ ಎತ್ತಿದರು. ತಲೆ ನರೆತ ಕಾಕಾ ಕುತ್ತಿಗೆಯ ಮಫ್ಲರ್ ಬಿಚ್ಚಿ, ಎರಡೂ ಕೈಯಿಂದ ಹರಡಿ ಹಿಡಿದು ನಡುವೆ ಹೋದ. ಮೊದಲ ಪೆಟ್ಟು ಅವನ ಕಿವಿಗೆ ಬಿತ್ತು. ಎರಡನೆಯದು ಬೀಳಲಿಲ್ಲ.