ಕೇಳೋ ಅಮ್ಮ ಮತ್ತು ಎಚ್ಚಿದ ರಾಗಿ

ಎಡಗಿವಿಯ ಹಿಂದೆ ಬಡಗಿಯ ಹಾಗೆ ಸಿಕ್ಕಿಸಿಕೊಂಡ ಮೋಟು ಸೀಸದಕಡ್ಡಿ, ಬಲಗಡೆ ಜಡೆಯಿಂದ ಭುಜಕ್ಕೆ ಇಳಿಬಿದ್ದ ಕನಕಾಂಬರ. ಆಯಮ್ಮನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಇದೇ. ಸಿಟ್ಟು ಬಂದಾಗ ಕೈ ಕಡ್ಡಿಗೆ ಹೋಗಬೇಕು. ಆದರೆ ಸಿಟ್ಟಿನಲ್ಲಿ ಎಡ ಯಾವುದು ಬಲ ಯಾವುದು ತಿಳಿಯದೆ ಹೂವು ಕಿತ್ತು ಕೈಗೆ ಬರುತ್ತಿತ್ತು. ಹೂವು ಹಿಡಿದುಕೊಂಡೇ ಬರೆಯಲು ಹೊರಟು, ಇನ್ನಷ್ಟು ಸಿಟ್ಟಾಗುತ್ತಿದ್ದರು. ಸಿಟ್ಟಾಗದ ದಿನ ಆಯಮ್ಮ ನಮ್ಮೂರಿಗೆ ಬಂದದ್ದು ನಾನು ಕಂಡಿಲ್ಲ.

ಮೊನ್ನೆ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅವತ್ತಿನಿಂದ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಕೂತರೂ ನಿಂತರೂ ಆಯಮ್ಮನದೇ ಜ್ಞಾಪಕ. ಮೂರನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆಯಲ್ಲ, ಬರೆದೇ ಬಿಡೋಣ ಅಂತ ಕೂತಿದ್ದೇನೆ.

ನಾನು ಸೊಸೆಯಾಗಿ ಬಂದ ಕಾಲದ ಅಲ್ಲಾಳಸಂದ್ರ ಎಂದರೆ ಕೆರೆ, ಕೆರೆ ಸುತ್ತ ರಾಗಿ ಹೊಲ, ಯಲಹಂಕಕ್ಕೆ ಹೋಗುವ ಕೆಂಪು ಮಣ್ಣಿನ ದಾರಿ, ಅಷ್ಟೇ. ಸರ್ಕಾರದವರು ಆಗ ಊರೂರಿಗೆ ಏನೇನೋ ಮಾಡುತ್ತಿದ್ದರು. ನಮ್ಮೂರಿಗೆ ಬಂದದ್ದು ಹಾಲು. ಪುಡಿಯನ್ನು ನೀರಲ್ಲಿ ಕಲಸಿ ಕಾಯಿಸಿ, ಶಾಲೆಯ ಮುಂದೆ ಬೆಳಿಗ್ಗೆ ಮಕ್ಕಳಿಗೆ ಕೊಡುತ್ತಿದ್ದರು. ನನ್ನ ಹಿರೀ ಮಗಳು ಆಗ ತಾನೇ ನಡೆಯಲು ಕಲಿತ ಕೂಸು, ಎತ್ತಿಕೊಂಡರೆ ಪಕ್ಕೆಲುಬು ಕೈಗೆ ಒತ್ತುತ್ತಿತ್ತು. ಆ ಹಾಲು ಕುಡಿಯಲು ಶುರುಮಾಡಿದ ಮೇಲೆ ಮುಖದಲ್ಲಿ ಕೆನ್ನೆ ಅಂತ ಒಂದು ಕಂಡಿತು. ಈ ಮಗು ಉಳಿಯುತ್ತದೆ ಅಂತ ಅತ್ತೆ ಆಗ ಬಾಯಿಬಿಟ್ಟು ಹೇಳಿದರು. ಅಲ್ಲಿವರೆಗೆ ಹೇಳಿರಲಿಲ್ಲ.

ಹೆಬ್ಬಾಳದ ಕಡೆ ಒಂದು ಹೆಂಚಿನ ಮನೆಯಲ್ಲಿ ಯೂನಿವರ್ಸಿಟಿಯವರ ಕಚೇರಿಯೊಂದಿತ್ತು. ಸರ್ಕಾರ ಮಾಡಿದ್ದು ಜನಕ್ಕೆ ಮುಟ್ಟಿತೋ ಇಲ್ಲವೋ, ಇನ್ನೂ ಬೇಕೋ ಸಾಕೋ ಅಂತ ನೋಡಿ ಹೇಳುವುದೇ ಅದರ ಕೆಲಸ. ಆಯಮ್ಮ ಅಲ್ಲಿಯವರು. ಕಾಲೇಜು ಓದುವ ಹುಡುಗರನ್ನು ಕಟ್ಟಿಕೊಂಡು ಬಂದು ಮನೆಮನೆಯಲ್ಲೂ ಕೇಳುತ್ತಿದ್ದರು. ಏನು ಉಂಡಿರಿ, ಏನು ಕುಡಿದಿರಿ, ಮಗು ಎಷ್ಟು ಸಲ ಭೇದಿ ಮಾಡಿತು, ಎಲ್ಲಾ ಬೇಕು.

"ಮಾಡೋರು ಒಬ್ರು, ಮಾಡಿದ್ರಾ ಅಂತ ಕೇಳಾಕೆ ಇನ್ನೊಬ್ರಾ?" ಎಂದು ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. "ಮಾರಮ್ಮ ಆಯ್ತು, ಎಲ್ಲಮ್ಮ ಆಯ್ತು, ಈಗ ಕೇಳೋ ಅಮ್ಮ ಬಂದವ್ಳೆ." ಅವತ್ತಿಂದ ಇಡೀ ಊರಿಗೆ ಆಯಮ್ಮ ಕೇಳೋ ಅಮ್ಮ.

ಆಯಮ್ಮ ಮಂಗಳೂರು ಕಡೆಯವರು. ಮಾತು ಪುಸ್ತಕದ ಹಾಗೆ, ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ. ನಮ್ಮದೋ, ಹಕಾರವೇ ಹುಟ್ಟದ ಬಾಯಿ. ಜೊತೆಗೆ ಬರುತ್ತಿದ್ದ ಯಶವಂತಪುರದ ಉದ್ದನೆಯ ಹುಡುಗನೂ ಪೇಟೆ ಮಾತಿನವನೇ. ಮೊದಲ ದಿನ ಅವನು, "ಹೇಳಿ ಅಜ್ಜಿ" ಅಂದ. ಅತ್ತೆ "ಏಳ್ತೀನಿ ಇರಪ್ಪ" ಅಂದರು. ಪಾಪ, ಮುದುಕಿ ಏಳುತ್ತಾಳೆ ಅಂತ ಅವನು ಕೈ ಕೊಟ್ಟು ಎಬ್ಬಿಸಲು ಹೋದ.

"ಇದ್ಯಾಕೋ ನನ್ನ ಎಳೀತೀಯ?"

"ನೀವೇ ಏಳ್ತೀನಿ ಅಂದ್ರಲ್ಲ ಅಜ್ಜಿ!"

ಕೇಳೋ ಅಮ್ಮ ಹಣೆ ಚಚ್ಚಿಕೊಂಡರು. "ನಿನ್ನ ಮಂಡೆ ಸಮ ಉಂಟಾ ಮಾರಾಯ?"

ಹುಡುಗರು ಬರೆದು ತಂದದ್ದನ್ನು ಆಯಮ್ಮ ನಮ್ಮ ಜಗಲಿಯ ಮೇಲೆ ಕೂತೇ ಓದುತ್ತಿದ್ದರು. ಓದಿ, ತಲೆ ಆಡಿಸಿ, ಹೇಳುವುದು ಒಂದೇ ಮಾತು: "ಉತ್ತರ ಬಂತು, ವಿಷಯ ಬರ್ಲಿಲ್ಲ." ಮತ್ತೆ ಅವರನ್ನು ಅದೇ ಮನೆಗಳಿಗೆ ಅಟ್ಟುತ್ತಿದ್ದರು. ರುಬ್ಬುವ ಕೈ ಬಿಟ್ಟು ಬಂದು, ಮೊನ್ನೆ ಹೇಳಿದ್ದನ್ನೇ ಮತ್ತೆ ಹೇಳಬೇಕಲ್ಲ, ನಮಗೂ ರೇಗುತ್ತಿತ್ತು. ಒಂದು ಸಲ ನಾನೇ, "ಎಷ್ಟು ಸತಿ ಕೇಳ್ತೀರಮ್ಮಾ, ಕೇಳಿಕೇಳಿ ಮಗು ಉದ್ದ ಆಗ್ತದಾ?" ಅಂದುಬಿಟ್ಟೆ.

"ಕೇಳದಿದ್ದರೆ ಗಿಡ್ಡ ಆಗ್ತದೆ ಮಾರಾಯ್ತಿ" ಅಂದರು ಆಯಮ್ಮ, ತಲೆ ಎತ್ತದೆ.

ಅದು ಸುಳ್ಳಲ್ಲ ಅಂತ ಗೊತ್ತಾದದ್ದು ಆ ವರ್ಷ ಆಷಾಢದಲ್ಲಿ.

ಆಷಾಢ ಅಂದರೆ ಹಳೇ ರಾಗಿ ಮುಗಿದು ಹೊಸದು ಇನ್ನೂ ಪೈರಾಗಿರುವ ಕಾಲ. ಕೇಳೋ ಅಮ್ಮ ಜ್ವರ ಬಂದು ಮಲಗಿದ್ದರಂತೆ, ಆ ಉದ್ದನೆಯ ಹುಡುಗ ಒಬ್ಬನೇ ಬಂದ. ಎಲ್ಲರ ಮನೆಯಲ್ಲೂ ಕೇಳಿದ್ದು ಒಂದೇ: "ಮನೇಲಿ ರಾಗಿ ಇದೆಯಾ?"

ನಮ್ಮ ಮನೆಗಳಲ್ಲಿ ಕೆಲವು ವಸ್ತುವಿಗೆ ಇಲ್ಲ ಅನ್ನಬಾರದು. ಉಪ್ಪು, ಅರಿಶಿನ, ಅಕ್ಕಿ, ರಾಗಿ, ಇವು ಮುಗಿದರೂ ಮುಗಿಯಿತು ಅನ್ನಬಾರದು. ಅಂದರೆ ಲಕ್ಷ್ಮಿ ಎದ್ದುಹೋಗುತ್ತಾಳೆ. ಅದಕ್ಕೇ ಮುಗಿದಾಗ ಹೆಚ್ಚಿದೆ ಅನ್ನುತ್ತೇವೆ. ಬಳೆ ಒಡೆದರೂ ಹೆಚ್ಚಿತು ಅನ್ನುವ ಹಾಗೆ.

ಅತ್ತೆ ಹೇಳಿದರು, "ಎಚ್ಚೈತೆ ಕಣಪ್ಪ."

ಪಕ್ಕದ ಮನೆಯವರೂ ಎಚ್ಚೈತೆ ಅಂದರು, ಅದರಾಚೆಯವರೂ ಅಂದರು. ಹುಡುಗ ಬರೆದ: ರಾಗಿ ಹೆಚ್ಚಿದೆ. ಇಡೀ ಊರಿಗೆ ಹೆಚ್ಚಿದೆ! ನಗುನಗುತ್ತಾ "ಬರ್ತೀನಿ ಅಜ್ಜಿ" ಅಂತ ಹೋದ. ಒಂದೇ ಒಂದು ಸಲ ಒಳಗೆ ಬಂದು ವಾಡೆಗೆ ಕೈ ಹಾಕಿದ್ದರೆ ಸಾಕಿತ್ತು. ರಾಗಿ ತುಂಬಿಡುವ ಆ ಮಣ್ಣಿನ ವಾಡೆಯ ತಳದಲ್ಲಿ ಅವತ್ತು ಜೇಡ ಮನೆ ಕಟ್ಟಿತ್ತು.

ಸ್ವಲ್ಪ ದಿನಕ್ಕೆ, ಹಾಲು ಕಾಯಿಸುತ್ತಿದ್ದ ಮೇಷ್ಟ್ರ ಹೆಂಡತಿ ಸಪ್ಪೆ ಮುಖ ಮಾಡಿಕೊಂಡು ಬಂದರು. "ನಮ್ಮೂರು ಸುಭಿಕ್ಷವಾಗಿದೆಯಂತೆ ಕಣ್ರೇ. ಹಾಲು ಬೇರೆ ಊರಿಗಂತೆ."

ಮಾರನೇ ಬೆಳಿಗ್ಗೆ ಶಾಲೆಯ ಮುಂದೆ ಒಲೆ ಉರಿಯಲಿಲ್ಲ. ನನ್ನ ಮಗಳು ಲೋಟ ಹಿಡಿದುಕೊಂಡು ಹೋಗಿ ನಿಂತಿತ್ತು. ಕರೆದರೆ ಬರಲೊಲ್ಲದು.

ಅದೇ ವಾರ ಕೇಳೋ ಅಮ್ಮ ಬಂದರು. ಜ್ವರ ಬಿಟ್ಟ ಮುಖ ಇನ್ನೂ ಬಿಳಿಚಿತ್ತು. ಹಿಂದೆ ಆ ಉದ್ದನೆಯ ಹುಡುಗ, ಬೈಸಿಕೊಂಡು ಬೈಸಿಕೊಂಡು ಗಿಡ್ಡವಾಗಿದ್ದ.

"ಆಷಾಢದಲ್ಲಿ ಊರಿಗೆ ಊರೇ ರಾಗಿ ಹೆಚ್ಚಾಗುದು ಹೇಗೆ? ನನಗೆ ನಂಬಿಕೆ ಇಲ್ಲ. ಅಜ್ಜಿ, ನಿಮ್ಮಲ್ಲಿ ರಾಗಿ ಉಂಟಾ?"

"ಎಚ್ಚೈತೆ ಕಣವ್ವ."

"ಎಲ್ಲಿ, ತೋರಿಸಿ."

"ಎಚ್ಚೈತೆ ಅಂದ್ಮೇಲೆ ಏನವ್ವ ತೋರ್ಸದು?"

"ಹೆಚ್ಚಿದ್ದರೆ ತೋರಿಸ್ಲಿಕ್ಕೆ ಏನು ಕಷ್ಟ?"

"ಇದ್ದಿದ್ರೆ ತೋರಿಸ್ಬೋದಿತ್ತು. ಎಚ್ಚೈತಲ್ಲ!"

ಕೇಳೋ ಅಮ್ಮನ ಕೈ ಹೂವಿಗೆ ಹೋಯಿತು. ಎದ್ದವರೇ ಸೀದಾ ಒಳಗೆ ನಡೆದು ವಾಡೆಯ ಮುಚ್ಚಳ ತೆಗೆದರು. ಬಗ್ಗಿ ನೋಡಿ, ಒಳಗೇ ತಲೆ ಇಟ್ಟುಕೊಂಡು, "ಇದು ಖಾಲಿ!" ಎಂದು ಕೂಗಿದರು. ವಾಡೆಯೂ ಖಾಲಿ ಖಾಲಿ ಅಂತು.

ಅತ್ತೆ ಕೆನ್ನೆ ಬಡಿದುಕೊಂಡರು. "ಬುಡ್ತು ಅನ್ನು! ಬುಡ್ತು ಅನ್ನವ್ವ ತಾಯಿ! ತುಂಬಿದ ಮನೇಲಿ ಎಂಥ ಮಾತಾಡ್ಬುಟ್ಟೆ!"

ಹುಡುಗ ಬಾಗಿಲಲ್ಲೇ ನಿಂತು ಬೆವತುಹೋಗಿದ್ದ. "ಮೇಡಂ... ಅಕ್ಕಿ ಮುಗಿದ್ರೆ ನಮ್ಮಜ್ಜೀನೂ ಹಿಂಗೇ ಅನ್ನೋದು. ಹೆಚ್ಚಿದೆ, ತಗೊಂಬಾ ಅಂತಾರೆ."

"ಮತ್ತೆ ನೀನು ಯಾಕೆ ಹಾಗೆ ಬರೆದದ್ದು?"

"ಮನೇಲಿ ಅಂದ್ರೆ ಗೊತ್ತಾಗುತ್ತೆ ಮೇಡಂ. ಇಲ್ಲಿ ಕೈಲಿ ಪೆನ್ನಿತ್ತು."

ಆಯಮ್ಮ ವಾಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಕೂತು ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಬಾಗಿಲಾಚೆ ನನ್ನ ಮಗಳು ಕಂಡಿತು, ಲೋಟ ಇನ್ನೂ ಕೈಯಲ್ಲೇ ಇತ್ತು. ನಗು ನಿಂತಿತು.

ಕೇಳಿದ ಪ್ರಶ್ನೆಯನ್ನೇ ಬದಲಾಯಿಸಿಕೊಂಡು ಮರುದಿನದಿಂದ ಇಬ್ಬರೂ ಊರೆಲ್ಲ ಮತ್ತೆ ತಿರುಗಿದರು. ರಾಗಿ ಇದೆಯಾ ಅನ್ನಲಿಲ್ಲ. "ನಾಳೆ ಏನು ಅಡುಗೆ?" ಅಂದರು. ಅದಕ್ಕೆ ಯಾವ ಲಕ್ಷ್ಮಿಯ ಹೆದರಿಕೆ? ಎಲ್ಲರೂ ಇದ್ದದ್ದನ್ನು ಹೇಳಿದರು. "ಅಣ್ಣನ ಮನೆಯಿಂದ ಬಂದ್ರೆ ಮುದ್ದೆ, ಬರ್ನಿಲ್ಲ ಅಂದ್ರೆ ಉಳ್ಳಿಕಟ್ಟು" ಅಂದರು ಅತ್ತೆ. ಹುರುಳಿ ಬೇಯಿಸಿದ ಆ ನೀರೇ ನಮಗೆಲ್ಲ ಊಟವಾಗಿತ್ತು ಆಗ. ಹುಡುಗ ತಲೆ ತಗ್ಗಿಸಿ ಬರೆದುಕೊಂಡ.

ಆದರೆ ಕಚೇರಿಯ ಸಾಹೇಬರು ಒಪ್ಪಲಿಲ್ಲ. ಆಯಮ್ಮ ಹೋಗಿ ಹೋಗಿ ಸೋತರು. "ಕಲ್ಲಿಗೆ ಹೇಳಿದರೆ ಪಾಚಿ ಆದರೂ ಕಟ್ತದೆ" ಅಂತ ನಮ್ಮ ಜಗಲಿಗೆ ಬಂದು ಹಲ್ಲು ಕಡಿಯುತ್ತಿದ್ದರು. ಕೊನೆಗೆ, "ನೀವೇ ಬಂದು ಒಂದು ಮಾತು ಹೇಳಿ ಅಜ್ಜಿ" ಅಂದರು. ಪಕ್ಕದ ಮನೆಯವರ ಸೊಪ್ಪಿನ ಗಾಡಿ ಹೆಬ್ಬಾಳದ ಮೇಲೆ ಹೋಗುತ್ತಿತ್ತು. ಅತ್ತೆ, ಮಗಳನ್ನು ಎತ್ತಿಕೊಂಡ ನಾನು, ದಂಟಿನ ಸೊಪ್ಪಿನ ಮೇಲೆ ಕೂತು ಹೋದೆವು.

ಸಾಹೇಬರು ಒಳ್ಳೆಯವರೇ. ನಮಗೆ ಬೆಂಚು ಹಾಕಿಸಿದರು. ಆಯಮ್ಮನಿಗೆ ಮಾತ್ರ ಅದೇ ಮಾತು.

"ನೋಡೀಮ್ಮಾ, ಅವ್ರು ಹೆಚ್ಚಿದೆ ಅಂದ್ರು, ನಮ್ಮ ಹುಡುಗ ಹೆಚ್ಚಿದೆ ಅಂತ ಬರ್ದ. ಬರ್ದಿದ್ದು ಮೇಲಕ್ಕೆ ಹೋಗಾಯ್ತು. ಇದರಲ್ಲಿ ತಪ್ಪೆಲ್ಲಿ? ಕನ್ನಡದಲ್ಲಿ ಹೆಚ್ಚಿದೆ ಅಂದ್ರೆ ಹೆಚ್ಚಿದೆ ಅಂತಾನೇ ಅರ್ಥ."

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಜವಾನನನ್ನು ಕರೆದು, ಎಲ್ಲರಿಗೂ ಕಾಫಿ ಅಂದರು. ಜವಾನ ಹೆಬ್ಬಾಳದವನೇ. ಕೈ ಹಿಸುಕಿಕೊಂಡು ನಿಂತ.

"ಸಕ್ಕರೆ ಎಚ್ಚೈತೆ ಸಾರ್."

"ಮೊದ್ಲೇ ಹೇಳೋದಲ್ವೇನಯ್ಯ? ಓಡು, ಅಂಗಡಿಯಿಂದ ತಗೊಂಬಾ."

ಉದ್ದನೆಯ ಹುಡುಗ ಸಾಹೇಬರನ್ನೇ ನೋಡಿದ. ಕೇಳೋ ಅಮ್ಮ ಕೈಗೆ ಬಂದ ಕನಕಾಂಬರವನ್ನು ಮೇಜಿನ ಮೇಲಿಟ್ಟು, ಬಹಳ ಮೆಲ್ಲಗೆ ಕೇಳಿದರು: "ಸಕ್ಕರೆ ಹೆಚ್ಚಿದ್ದರೆ ಅಂಗಡಿಗೆ ಕಳಿಸಿದ್ದು ಯಾಕೆ ಸಾರ್?"

ಸಾಹೇಬರು ಬಾಗಿಲ ಕಡೆ ನೋಡಿದರು, ಜವಾನ ಆಗಲೇ ಓಡಿಹೋಗಿದ್ದ.

ಅತ್ತೆಗೇ ಅಯ್ಯೋ ಅನ್ನಿಸಿರಬೇಕು. "ಅವರ್ಗೂ ಗೊತ್ತೈತೆ ಬುಡವ್ವ. ಅವ್ರೂ ಮನೇಲಿ ಉಂಡೇ ಬೆಳ್ದವ್ರಲ್ವಾ" ಅಂದರು.

ಅವತ್ತೇ ಸಾಹೇಬರು ಹೊಸದಾಗಿ ಬರೆಸಿ ರುಜು ಹಾಕಿದರು. ಕಾಫಿ ಮಾತ್ರ ಬರಲೇ ಇಲ್ಲ, ಜವಾನ ಅಂಗಡಿಗೆ ಹೋದವನು ಹೋದವನೇ.

ಇಲ್ಲಿಗೆ ಸುಖ ಆಯಿತು ಅಂದುಕೊಳ್ಳಬೇಡಿ. ಆ ಕಾಗದ ಮೇಲಕ್ಕೆ ಹತ್ತಿ ಕೆಳಕ್ಕೆ ಇಳಿಯುವಷ್ಟರಲ್ಲಿ ನಮ್ಮ ಹೊಲದ ರಾಗಿ ಕುಯಿಲಿಗೆ ಬಂದಿತ್ತು. ಹಸಿದ ದಿನಗಳೆಲ್ಲ ಹಾಲಿಲ್ಲದೆ ಕಳೆದವು. ಆ ದಿನಗಳಲ್ಲಿ ಆಯಮ್ಮ ರಜಾ ಬಂದಾಗಲೆಲ್ಲ ಕಡ್ಡಿ ಇಲ್ಲದೆ ಬರುತ್ತಿದ್ದರು. ಸೆರಗಲ್ಲಿ ಹುರಿಗಡಲೆ, ಬೆಲ್ಲ. ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಕಾಳು ಬಾಯಿಗಿಡುವರು. ಏನೂ ಕೇಳುತ್ತಿರಲಿಲ್ಲ. ಕೇಳೋ ಅಮ್ಮ ಸುಮ್ಮನೆ ಕೂತರೆ ನಮಗೆ ಭಯವಾಗುತ್ತಿತ್ತು.

ಶಾಲೆಯ ಮುಂದೆ ಮತ್ತೆ ಒಲೆ ಹೊತ್ತಿಸಿದ ದಿನ ಊರೆಲ್ಲ ನಕ್ಕಿತು. ಆಯಮ್ಮ ಮಾತ್ರ ಗಂಟುಮುಖ ಹಾಕಿಕೊಂಡು ನಿಂತಿದ್ದರು. "ಬೆಂಕಿ ಆರಿದ ಮೇಲೆ ಬಾವಿ ತೋಡಿದ ಹಾಗೆ. ಮುಂದಿನ ಆಷಾಢಕ್ಕೆ ನಿಲ್ಲಿಸ್ಲಿ ನೋಡುವ!" ನಿಲ್ಲಿಸಲಿಲ್ಲ. ಮುಂದಿನ ಆಷಾಢವೂ ಹಾಲು ಬಂತು, ಅದರ ಮುಂದಿನದೂ ಬಂತು. ನನ್ನ ಮಗಳು ಉಳಿಯಿತು. ಬೆಳೆಯಿತು, ಮದುವೆಯಾಯಿತು, ತಡವಾಗಿ ಒಂದು ಹೆಣ್ಣುಮಗು ಹೆತ್ತಿತು.

ಆಮೇಲೆ ಆ ಕಚೇರಿ ಎತ್ತಿದರು, ಆಯಮ್ಮ ಊರು ಸೇರಿದರು. ಅವರು ತೀರಿಕೊಂಡ ಸುದ್ದಿ ತಂದವನು ಆ ಉದ್ದನೆಯ ಹುಡುಗನೇ. ತಲೆ ಬೋಳಾಗಿತ್ತು, ದೊಡ್ಡ ಕೆಲಸದಲ್ಲಿದ್ದ. ಜಗಲಿಯ ಮೇಲೆ ಕೂತು, "ಕೊನೇವರೆಗೂ ನಂಗೆ ಬೈದು ಕಾಗದ ಬರೀತಿದ್ರು ಕಣಮ್ಮಾ. ಇನ್ನು ಬೈಯೋರಿಲ್ಲ" ಅಂದು ಕರ್ಚೀಫು ಮುಖಕ್ಕೆ ಹಿಡಿದ. ನಾನು ಒಳಗೆ ಹೋಗಿ ಅವನಿಗೆ ಉಣ್ಣಲು ಬಡಿಸಿದೆ. ಬೇರೆ ಏನು ಮಾಡಲಿ?

ಈಗ ಮೊನ್ನೆಯ ಸಂಗತಿ. ಆ ಮಗಳ ಮಗಳು, ನನ್ನ ಮೊಮ್ಮಗಳು, ಓದಿ ಮುಗಿಸಿ ಇಂಥದೇ ಒಂದು ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಊರೂರು ಸುತ್ತಿ ಕೇಳುವ ಕೆಲಸವಂತೆ! ಮೊದಲ ದಿನ ಮುಗಿಸಿ ಬಂದವಳು ಚೀಲ ಬಿಸಾಡಿ, ಧುಮುಗುಟ್ಟುತ್ತಾ ಕೂತಳು.

"ಏನಾಯ್ತೇ?"

"ಏನ್ ಕೇಳಿದ್ರೂ ಎಲ್ರೂ ಹೂಂ, ಹೂಂ ಅಂತಾರೆ ಅಜ್ಜಿ. ಎಲ್ಲಾ ಚೆನ್ನಾಗಿದೆಯಂತೆ. ಒಂದಕ್ಷರ ನಿಜ ಗೊತ್ತಾಗ್ಲಿಲ್ಲ. ತಲೆ ಕೆಟ್ಟೋಗಿದೆ. ನಾಳೆ ಮತ್ತೆ ಅದೇ ಮನೆಗಳಿಗೆ ಹೋಗ್ತೀನಿ, ಬಿಡಲ್ಲ."

ಅವಳ ಮುಖದ ಆ ಸಿಟ್ಟು ನೋಡಿ ನನಗೆ ಕುಣಿಯುವ ಹಾಗಾಯಿತು. ಮಂಡಿ ನೋವಿಲ್ಲದಿದ್ದರೆ ಕುಣಿದೇಬಿಡುತ್ತಿದ್ದೆ. ಕೆನ್ನೆ ಹಿಡಿದು ಮುತ್ತಿಟ್ಟೆ. "ನಾಳೆ ಏನು ಅಡುಗೆ ಅಂತ ಕೇಳು ಮಗಾ" ಅಂದೆ. ಅವಳು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಬರೆದುಕೊಳ್ಳಲು ಪೆನ್ನು ತಡಕಿದಳು. ಅದು ಅವಳ ಕಿವಿಯ ಹಿಂದೆಯೇ ಇತ್ತು. ಯಾರು ಹೇಳಿಕೊಟ್ಟರೋ!

ಕೇಳೋ ಅಮ್ಮ ಇಲ್ಲ ಅಂತ ಬರೆಯಲು ನನಗೆ ಬಾಯಿ ಬರುವುದಿಲ್ಲ, ಕೈಯೂ ಬರುವುದಿಲ್ಲ. ತುಂಬಿದ ಮನೆಯಲ್ಲಿ ಆ ಮಾತು ಆಡಬಾರದು. ನಮ್ಮ ಅತ್ತೆ ಹೇಳುತ್ತಿದ್ದ ಹಾಗೆಯೇ ಹೇಳುತ್ತೇನೆ.

ಕೇಳೋ ಅಮ್ಮ ಎಚ್ಚವರೆ.